ಯಂತ್ರದ ಮಾರಾಟ ಮತ್ತು ಸೇವೆಯ ಮಾರಾಟ: ಒಂದು ವಿಮರ್ಶೆ

ಯಂತ್ರದೊಡನೆ ಅದರ ಪಾಲನೆಯ ಸೇವೆಯನ್ನೂ ತಯಾರಕನೇ ಮಾರುವ ಪದ್ಧತಿಗೆ ‘ಸರ್ವಿಟೈಸೇಷನ್’ ಎಂಬ ಹೆಸರು ವಿದ್ವತ್ ವಲಯದಲ್ಲಿ ರೂಢಿಗೆ ಬಂದುದು ವ್ಯಾಂಡರ್‌ಮರ್ವ್ ಮತ್ತು ರಾಡಾ ಅವರ ೧೯೮೮ರ ಲೇಖನದಿಂದ. ಪದ್ಧತಿಯಾದರೋ ಹೆಸರಿಗಿಂತ ಹಳೆಯದು. ಬ್ರಿಟನ್ನಿನ ಬ್ರಿಸ್ಟಲ್ ಸಿಡ್ಲಿ ಸಂಸ್ಥೆಯು ೧೯೬೨ರಲ್ಲಿಯೇ ತನ್ನ ವೈಪರ್ ವಿಮಾನ ಎಂಜಿನ್ನಿನ ಪಾಲನೆಯನ್ನು, ಹಾರಾಟದ ಗಂಟೆಗೆ ಇಂತಿಷ್ಟೆಂಬ ನಿಶ್ಚಿತ ದರಕ್ಕೆ ವಹಿಸಿಕೊಂಡಿತ್ತು.

ಇಂತಹ ಒಪ್ಪಂದದ ಮರ್ಮವು ಹೊಣೆಯ ವರ್ಗಾವಣೆಯಲ್ಲಿದೆ. ಹಿಂದೆ ಎಂಜಿನ್ ಕೆಟ್ಟಷ್ಟೂ ಬಿಡಿಭಾಗಗಳ ಮಾರಾಟದಿಂದ ತಯಾರಕನಿಗೆ ಲಾಭವಿತ್ತು. ಇಲ್ಲಿ ಕೆಟ್ಟರೆ ನಷ್ಟ ಅವನದೇ. ಆದಕಾರಣ ಬಾಳಿಕೆಯುಳ್ಳ ಮಿಶ್ರಲೋಹ, ನಿಖರವಾದ ಅಳತೆ, ಸುಲಭವಾಗಿ ಬಿಚ್ಚಿ ಜೋಡಿಸಬಲ್ಲ ರಚನೆ, ಇವೆಲ್ಲ ವಾಣಿಜ್ಯದ ಪ್ರಶ್ನೆಗಳೂ ಆಗುತ್ತವೆ.

ಸೇವೆಯಿಂದ ಲಾಭ ಖಂಡಿತವೆಂಬ ನಂಬಿಕೆಯನ್ನು ಗೆಬಾವರ್ ಮತ್ತು ಸಂಗಡಿಗರು ೨೦೦೫ರಲ್ಲಿ ಪ್ರಶ್ನಿಸಿದರು. ಸೇವೆಗಿಳಿದ ಸಂಸ್ಥೆಗಳ ವರಮಾನವು ಹೆಚ್ಚಾಗಿದ್ದರೂ ಅದರಲ್ಲಿ ನಿವ್ವಳ ಲಾಭದ ಪ್ರಮಾಣವು ಕಡಿಮೆಯಿರುವ ಪ್ರವೃತ್ತಿಯನ್ನು ಆಂಡಿ ನೀಲಿ ಅವರ ೨೦೦೮ರ ಅಧ್ಯಯನವು ತೋರಿಸಿತು. ಇದು ಬೆಲೆಯುಳ್ಳ ಎಚ್ಚರಿಕೆ. ಆದರೆ ಲಾಭ ಸೋರಿದುದು ಒಪ್ಪಂದದ ದರದಲ್ಲೋ, ದುರಸ್ತಿಯ ವೆಚ್ಚದಲ್ಲೋ, ಮೂಲ ವಿನ್ಯಾಸದಲ್ಲೋ ಎಂಬುದನ್ನು ಲೆಕ್ಕಪತ್ರವೊಂದೇ ಹೇಳಲಾರದು. ವಾಣಿಜ್ಯದ ಅಧ್ಯಾಪಕರು ಕಾರ್ಖಾನೆಯನ್ನೂ ಎಂಜಿನಿಯರಿಂಗ್ ಅಧ್ಯಾಪಕರು ಒಪ್ಪಂದಪತ್ರವನ್ನೂ ಪರಿಶೀಲಿಸಿದ ಹೊರತು ಈ ಸಂಶೋಧನೆಯು ಪೂರ್ಣವಾಗದು.