ಗಾಯಗೊಂಡ ಯೋಧರ ಪಾಠಶಾಲೆ

ಪುಣೆಯ ಖಡಕಿಯಲ್ಲಿರುವ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ನಾನು ಬಹುವಾಗಿ ಗೌರವಿಸುವ ಶಾಲೆ. ಯುದ್ಧದಲ್ಲಿ, ಸೇವೆಯಲ್ಲಿ ಅಂಗವಿಕಲರಾದ ಸೈನಿಕರೇ ಇಲ್ಲಿಯ ವಿದ್ಯಾರ್ಥಿಗಳು.

ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದವರು ಸುಮಾರು 13 ಲಕ್ಷ ಮಂದಿ. ಕೈಕಾಲು ಕಳೆದುಕೊಂಡು ಮರಳಿದವರಿಗೆ ಪಿಂಚಣಿಯೊಂದೇ ಸಾಲದು, ಕೈಗೊಂದು ಕಸುಬೂ ಬೇಕು ಎಂಬ ಕಾಳಜಿಯಿಂದ 1917ರಲ್ಲಿ ಮುಂಬಯಿಯಲ್ಲಿ ಈ ಶಾಲೆ ಆರಂಭವಾಯಿತು. ಆಗಿನ ಗವರ್ನರ್ ಪತ್ನಿ ಲೇಡಿ ವಿಲಿಂಗ್ಡನ್ ಇದಕ್ಕೆ ಮುಂದಾಗಿ ನಿಂತರು. ಮುಂದೆ ಶಾಲೆ ಖಡಕಿಗೆ ಬಂತು. ದೇಶ ಸ್ವತಂತ್ರವಾದರೂ ಕೆಲಸ ನಿಲ್ಲಲಿಲ್ಲ. ಪ್ರತಿ ಯುದ್ಧವೂ ಹೊಸ ವಿದ್ಯಾರ್ಥಿಗಳನ್ನು ಕಳಿಸಿತು.

ಪುಣೆಯಲ್ಲೇ 1944ರಿಂದ ಸೇನೆಯ ಕೃತಕ ಅಂಗ ಕೇಂದ್ರವೂ ಇದೆ. ಅಲ್ಲಿ ಕಾಲು ಸಿಗುತ್ತದೆ, ಇಲ್ಲಿ ಆ ಕಾಲಿನ ಮೇಲೆ ನಿಂತು ದುಡಿಯುವ ವಿದ್ಯೆ ಸಿಗುತ್ತದೆ. ಒಂದಿಲ್ಲದೆ ಇನ್ನೊಂದು ಅರೆಬರೆ.

ಬಂದೂಕು ಹಿಡಿದು ಪಳಗಿದ ಕೈ ಮತ್ತೆ ಮೊದಲಿನಿಂದ ಕಲಿಯುವುದು ಸುಲಭವಲ್ಲ. ಹೆಂಡತಿ ಮಕ್ಕಳಿರುವ ಹವಾಲ್ದಾರ್ ಬೆಂಚಿನ ಮೇಲೆ ಕುಳಿತು ಪಾಠ ಒಪ್ಪಿಸಬೇಕು, ಪರೀಕ್ಷೆ ಬರೆಯಬೇಕು. ಅದಕ್ಕೆ ಬೇಕಾದದ್ದು ರಣರಂಗದಷ್ಟೇ ಎದೆಗಾರಿಕೆ. ಅಂಥವರಿಗೆ ಕಲಿಸುವ ಗುರುವಿಗೆ ವಿಷಯಜ್ಞಾನದ ಜೊತೆ ತಾಳ್ಮೆಯೂ ಬೇಕು, ಕನಿಕರ ತೋರದೆ ಗೌರವ ಕೊಡುವ ಮನಸ್ಸೂ ಬೇಕು.

ಹುತಾತ್ಮರಿಗೆ ನಾವು ಸ್ಮಾರಕ ಕಟ್ಟುತ್ತೇವೆ, ಹೂವಿಡುತ್ತೇವೆ. ಬದುಕಿ ಬಂದವರಿಗೆ ಬೇಕಾದದ್ದು ತಮ್ಮ ಅನ್ನವನ್ನು ತಾವೇ ದುಡಿದು ಉಣ್ಣುವ ದಾರಿ. ಒಂದು ಶತಮಾನಕ್ಕೂ ಮಿಗಿಲಾಗಿ ಆ ದಾರಿ ತೋರಿಸಿದ ಖಡಕಿಯ ಶಾಲೆಗೆ ಇಡೀ ದೇಶವೇ ಋಣಿ.