ಜೋಹಾನ್ಸ್‌ಬರ್ಗ್ ತಲುಪಿದ ಬಿದ್ರಿ ಸುರಾಹಿ

2023ರ ಆಗಸ್ಟ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಬ್ರಿಕ್ಸ್ ಶೃಂಗಸಭೆ ನಡೆಯಿತು. ಅಲ್ಲಿ ಪ್ರಧಾನಿ ನರೇಂದ್ರ ಮೋದಿ ದಕ್ಷಿಣ ಆಫ್ರಿಕಾದ ಅಧ್ಯಕ್ಷ ಸಿರಿಲ್ ರಾಮಫೋಸಾ ಅವರಿಗೆ ಬಿದ್ರಿ ಕೆಲಸದ ಒಂದು ಜೊತೆ ಸುರಾಹಿಗಳನ್ನು, ಅಂದರೆ ಹೂಜಿಗಳನ್ನು, ಉಡುಗೊರೆಯಾಗಿ ಕೊಟ್ಟರು. ಬಿದ್ರಿಯ ತವರಾದ ಕರ್ನಾಟಕದ ಬೀದರ್ ಜಿಲ್ಲೆಯವರು ಹಿಗ್ಗಬೇಕಾದ ಸುದ್ದಿಯಿದು. ಆದರೆ ಪತ್ರಿಕೆಗಳಲ್ಲಿ ಬಂದದ್ದು ‘ತೆಲಂಗಾಣದ ಬಿದ್ರಿ ಸುರಾಹಿ’ ಎಂದು. ಅದೇ ವರ್ಷ ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿತ್ತು.

ಹೈದರಾಬಾದಿನಲ್ಲೂ ಬಿದ್ರಿ ಕೆಲಸಗಾರರಿದ್ದಾರೆ. ಸುರಾಹಿಗಳು ಅಲ್ಲೇ ತಯಾರಾಗಿದ್ದರೆ ತೆಲಂಗಾಣದ ಹೆಸರು ಹೇಳಿದ್ದು ತಪ್ಪಲ್ಲ. ರಾಜ್ಯಗಳ ನಡುವಿನ ಈ ಗಡಿಯಾದರೂ ಎಷ್ಟು ಹಳೆಯದು? ಈಗ ತೆಲಂಗಾಣದಲ್ಲಿರುವ ಜಹೀರಾಬಾದ್, ನಾರಾಯಣಖೇಡ, ಮಹಾರಾಷ್ಟ್ರದಲ್ಲಿರುವ ಉದಗೀರ, ನಿಲಂಗಾ ಎಲ್ಲವೂ 1956ರವರೆಗೆ ಬೀದರ್ ಜಿಲ್ಲೆಯವೇ. ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ ರೈಲು ಹತ್ತಿದವರು ಒಂದು ಕಡೆ ಹೋದರೆ ಮಹಾರಾಷ್ಟ್ರದ ಪರಳಿ, ಇನ್ನೊಂದು ಕಡೆ ಹೋದರೆ ತೆಲಂಗಾಣದ ವಿಕಾರಾಬಾದ್ ಸೇರುತ್ತಾರೆ. ಹಲಬರ್ಗಾ, ಭಾಲ್ಕಿ, ಔರಾದಿನ ಜನರಿಗೆ ಮೂರು ರಾಜ್ಯಗಳಲ್ಲೂ ನೆಂಟರಿದ್ದಾರೆ. ಆದ್ದರಿಂದ ರಾಜ್ಯದ ಹೆಸರಿಗಾಗಿ ಜಗಳ ಕಾಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ನನ್ನ ತಕರಾರು ಬೇರೆ: ನಾನು ಓದಿದ ಯಾವ ವರದಿಯಲ್ಲೂ ಆ ಸುರಾಹಿಗಳನ್ನು ಮಾಡಿದವರ ಹೆಸರಿರಲಿಲ್ಲ.

ಆ ಕೈಗಳ ಕೆಲಸ ಎಂಥದು ಎಂದು ನೋಡಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಗೆರೆ ಎಳೆದರೆ ಕಾಣಬೇಕಲ್ಲ, ಅದಕ್ಕೆ. ಬಳ್ಳಿ, ಹೂವುಗಳನ್ನು ಕೈಯಿಂದಲೇ ಗೀರಿ, ಉಳಿಯಿಂದ ಕೊರೆದು, ಕೊರೆದ ಜಾಡಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ತಂತಿ ಕೂರಿಸುವ ಕೆಲಸ ತಾರ್‌ಕಶಿ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರನ್ನು ಕಾಯಿಸಿ ಪಾತ್ರೆಗೆ ಹಚ್ಚುತ್ತಾರೆ. ಸತು ಶಾಶ್ವತವಾಗಿ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ತಾಗದ ಮೂಲೆಯಿಂದ ತಂದ ಮಣ್ಣು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ಹಳಬರು ನಾಲಗೆಗೆ ತಾಗಿಸಿಯೇ ಹೇಳುತ್ತಾರೆ. ಇಷ್ಟು ತಿಳಿದ ಮನುಷ್ಯನನ್ನು ‘ಕುಶಲಕರ್ಮಿ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ಅನ್ಯಾಯ.

ಈ ಅನ್ಯಾಯ ಇಂದಿನದಲ್ಲ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಭಾರತದ ವಸ್ತುಗಳನ್ನು ಒಟ್ಟುಮಾಡಿ ಕಳಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಬಿದ್ರಿ ಪಾತ್ರೆಗಳೂ ಅಲ್ಲಿದ್ದವು. ಯೂರೋಪಿನವರು ಮೆಚ್ಚಿದರು, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಇಂದಿಗೂ ಒಳ್ಳೆಯ ಬಿದ್ರಿ ಸಂಗ್ರಹವಿದೆ. ಹೊರದೇಶಕ್ಕೆ ಬೀದರನ್ನು ಪರಿಚಯಿಸಿದ ಕೀರ್ತಿ ಕಂಪನಿಗೆ ಸಲ್ಲಲಿ, ಸಂಕೋಚವಿಲ್ಲದೆ ಒಪ್ಪುತ್ತೇನೆ. ಆದರೆ ವಸ್ತು ಉಳಿದು ಮಾಡಿದವನು ಅಳಿಸಿಹೋಗುವ ಪದ್ಧತಿಯೂ ಅಂಥ ಪ್ರದರ್ಶನಗಳಲ್ಲೇ ಬೇರೂರಿತು. ಸ್ವತಂತ್ರ ಭಾರತದ ಸರ್ಕಾರ, ಮಳಿಗೆಗಳು, ಅತಿಥಿಗಳಿಗೆ ಬಿದ್ರಿ ಹಂಚುವ ಕಂಪನಿಗಳು ಆ ಪದ್ಧತಿಯನ್ನು ಮುರಿಯಬಹುದಿತ್ತು, ಮುರಿಯಲಿಲ್ಲ.

ಲಂಡನ್ನಿನ ಹಿಡಿತ ಇನ್ನೊಂದು ರೀತಿಯಲ್ಲೂ ಮುಂದುವರಿದಿದೆ. ಸತುವಿನ ದರ ನಿಲ್ಲುವುದು ಲಂಡನ್ ಲೋಹ ವಿನಿಮಯ ಕೇಂದ್ರದ ಮೇಲೆ. ರಾಜಸ್ಥಾನದ ಗಣಿಯಿಂದ ಬಂದ ಸತುವಿಗೂ ಅದೇ ಅಳತೆಗೋಲು. ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿದ ಮೇಲೆ ಸಣ್ಣ ಕಾರ್ಖಾನೆಯವನು ಬಂಡವಾಳ ಎಲ್ಲಿಂದ ತರಬೇಕು? 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿತು. ಅದು ಹೆಸರನ್ನು ಕಾಯುತ್ತದೆ, ಕೂಲಿಯನ್ನು ಕಾಯುವುದಿಲ್ಲ.

ಹೊರದೇಶದಲ್ಲಿ ನಮ್ಮವರು ಹೆಸರನ್ನು ಸರಿಯಾಗಿ ನಿಲ್ಲಿಸಿದ ಉದಾಹರಣೆಯೂ ಈ ಜಿಲ್ಲೆಯ ನಂಟಿನದೇ. 2015ರ ನವೆಂಬರ್ 14ರಂದು ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆಯನ್ನು ಇದೇ ಪ್ರಧಾನಿ ಅನಾವರಣ ಮಾಡಿದರು. ಅದರ ಹಿಂದಿದ್ದವರು ಕಲಬುರಗಿ ಮೂಲದ, ಲಂಡನ್ನಿನ ಲ್ಯಾಂಬೆತ್‌ನ ಮಾಜಿ ಮೇಯರ್ ನೀರಜ್ ಪಾಟೀಲ್ ಮತ್ತು ಲ್ಯಾಂಬೆತ್ ಬಸವೇಶ್ವರ ಪ್ರತಿಷ್ಠಾನ. ಪಟ್ಟುಹಿಡಿದ ಒಂದು ಸಂಘಟನೆ ಎರಡು ದೇಶಗಳ ನಡುವಿನ ಭೇಟಿಯಲ್ಲಿ ಕನ್ನಡದ ಒಬ್ಬ ಚಿಂತಕನಿಗೆ ಜಾಗ ದೊರಕಿಸಿತು. ಈಸ್ಟ್ ಇಂಡಿಯಾ ಕಂಪನಿ ಮಾಡದ್ದನ್ನು ಸಂಘಟನೆ ಮಾಡಿತು, ಏಕೆಂದರೆ ಅದಕ್ಕೆ ಹೆಸರು ಮುಖ್ಯವಾಗಿತ್ತು. ಕಾಯಕವನ್ನು ಎತ್ತಿಹಿಡಿದ ಬಸವಣ್ಣನವರ ಕಲ್ಯಾಣ ಬೀದರ್ ಜಿಲ್ಲೆಯಲ್ಲೇ ಇದೆ. ಅದೇ ಜಿಲ್ಲೆಯ ಕಾಯಕಜೀವಿಯ ಕೈಕೆಲಸ ವಿದೇಶಕ್ಕೆ ಅನಾಮಧೇಯವಾಗಿ ಹೋಗುವುದನ್ನು ನಮ್ಮ ಮಠಗಳು, ಕನ್ನಡ ಸಂಘಗಳು ಇನ್ನೂ ಪ್ರಶ್ನಿಸಬೇಕಾಗಿದೆ.

ರಾಜತಾಂತ್ರಿಕ ಉಡುಗೊರೆಯಾಗಿ ಬಿದ್ರಿಯನ್ನು ಆರಿಸಿದ್ದು ಒಳ್ಳೆಯ ನಿರ್ಧಾರ, ಅದನ್ನು ಕೊಟ್ಟ ರೀತಿ ಅರೆಬರೆ. ಮುಂದಿನ ಸಲ ಪೆಟ್ಟಿಗೆಯೊಳಗೆ ಒಂದು ಚೀಟಿ ಇರಲಿ: ಮಾಡಿದವರ ಹೆಸರು, ಊರು, ಮಾಡಲು ಹಿಡಿದ ದಿನಗಳು. ವಿದೇಶಾಂಗ ಸಚಿವಾಲಯ ಕೆಲಸಗಾರರಿಂದಲೇ ನೇರವಾಗಿ ಕೊಳ್ಳಲಿ. ಮದುವೆಗೋ ಸನ್ಮಾನಕ್ಕೋ ಬಿದ್ರಿ ಕೊಡುವ ನಾವೂ ಮಳಿಗೆಯಲ್ಲಿ ಮೊದಲು ಕೇಳೋಣ, ಇದನ್ನು ಮಾಡಿದವರು ಯಾರು?