ಕರ್ಣಪರ್ವ ಕೇಳುವಾಗ ಅರ್ಜುನನ ಕಡೆಗೂ ಕಿವಿಯಿರಲಿ

ತಾಳಮದ್ದಳೆಗೆ ಹೊಸಬರಾದರೆ ಕರ್ಣಪರ್ವದಿಂದಲೇ ಶುರುಮಾಡಿ. ಕಥೆ ಗೊತ್ತಿರುವುದರಿಂದ ಕಿವಿಯನ್ನು ಪೂರ್ತಿಯಾಗಿ ಮಾತಿಗೆ ಕೊಡಬಹುದು. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಅದರ ಎಳೆ ಹಿಡಿದು ಅಲ್ಲೇ ಮಾತು ಕಟ್ಟುತ್ತಾರೆ. ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ, ಕರಾವಳಿಯ ಮಳೆಗಾಲ ಇದರ ಸುಗ್ಗಿ.

ಹೊಸಬರು ಸಾಮಾನ್ಯವಾಗಿ ಕರ್ಣನ ಗದ್ಗದಕ್ಕೆ ಮನಸೋಲುತ್ತಾರೆ. ಸೋಲಲಿ, ತಪ್ಪೇನಿಲ್ಲ. ಆದರೆ ಈ ಪ್ರಸಂಗದ ಸಂಕಟವೆಲ್ಲ ಒಬ್ಬನಿಗೆ ಗೊತ್ತಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲದಿರುವುದರಲ್ಲಿದೆ. ಎದುರಿಗಿರುವವನು ತಮ್ಮನೆಂದು ಕರ್ಣ ಬಲ್ಲ. ಅರ್ಜುನನ ಪಾಲಿಗೆ ಅವನು ಸೂತಪುತ್ರ, ಅಭಿಮನ್ಯುವನ್ನು ಕೊಂದವರಲ್ಲೊಬ್ಬ, ಅಷ್ಟೆ. ಅರ್ಜುನನ ಅರ್ಥಧಾರಿ ಆರಂಭದಲ್ಲೇ ಮೆತ್ತಗಾದರೆ ಪ್ರಸಂಗ ಕೆಟ್ಟಿತು. ಅವನ ಹಂಗಿಸುವಿಕೆ ಹರಿತವಾಗಿದ್ದಷ್ಟೂ, ಉತ್ತರ ನಾಲಿಗೆಯ ತುದಿಗೆ ಬಂದರೂ ನುಂಗಿಕೊಳ್ಳುವ ಕರ್ಣನಿಗಾಗಿ ನಮ್ಮ ಕರುಳು ಮಿಡಿಯುತ್ತದೆ.

ಸರ್ಪಾಸ್ತ್ರದ ಸನ್ನಿವೇಶಕ್ಕೆ ಬಂದಾಗ ಪಕ್ಕದವರೊಡನೆ ಹರಟಬೇಡಿ. ಕೃಷ್ಣ ರಥವನ್ನು ನೆಲಕ್ಕೆ ಅಮುಕಿದ್ದಾನೆ, ಅರ್ಜುನನ ಕಿರೀಟವಷ್ಟೇ ಹೋಗಿದೆ. ಇನ್ನೊಮ್ಮೆ ತೊಡು ಎಂದು ಸರ್ಪ ಬೇಡುತ್ತದೆ, ಕರ್ಣನ ಸಾರಥಿ ಶಲ್ಯ ಸಿಡುಕುತ್ತಾನೆ. ಬಿಟ್ಟ ಬಾಣವನ್ನು ಮತ್ತೆ ತೊಡುವುದು ವೀರನಿಗೆ ತಕ್ಕದ್ದಲ್ಲ ಎಂದು ಕರ್ಣ ಹೇಳುತ್ತಾನೆ. ಅದು ಶಲ್ಯನಿಗೆ ಕೊಟ್ಟ ಕಾರಣ. ತೊಟ್ಟ ಬಾಣವನ್ನು ಮತ್ತೆ ತೊಡೆನೆಂದು ತಾಯಿ ಕುಂತಿಗೆ ಅವನು ಕೊಟ್ಟ ಭಾಷೆಯನ್ನು ಬಲ್ಲವರು ನಾವು. ನುರಿತ ಅರ್ಥಧಾರಿ ತಾಯಿಯ ಹೆಸರನ್ನೇ ಎತ್ತದೆ, ಒಂದು ತಡವರಿಕೆಯಲ್ಲಿ ಅವಳನ್ನು ಅಲ್ಲಿಗೆ ಕರೆತರುತ್ತಾನೆ. ಬಾಯಿಬಿಟ್ಟು ವಿವರಿಸುವವರೂ ಇದ್ದಾರೆ; ಅವರಿಗೆ ಚಪ್ಪಾಳೆ ಹೆಚ್ಚು, ನನಗೆ ರುಚಿಸುವುದಿಲ್ಲ.

ಇನ್ನೊಂದು ಅಪಾಯ ವಾದದ್ದು. ಶಲ್ಯ-ಕರ್ಣರ ಜಗಳ ಪಾಂಡಿತ್ಯದ ಪಂದ್ಯವಾಗಿ ಗಂಟೆಗಟ್ಟಲೆ ಎಳೆದರೆ ಯುದ್ಧವೇ ಮರೆತುಹೋಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ತರ್ಕಪಟುಗಳು ಬೆಳೆಸಿದ ಈ ಕಲೆಯಲ್ಲಿ ವಾದದ ಸುಖ ದೊಡ್ಡದೇ. ಆದರೆ ಕರ್ಣಪರ್ವ ಅದನ್ನು ತಡೆದುಕೊಳ್ಳುವುದು ಸ್ವಲ್ಪ ಮಟ್ಟಿಗೆ ಮಾತ್ರ.

ಕರ್ಣನ ರಥದ ಗಾಲಿ ಹೂತ ಮೇಲೆ ಮತ್ತೆ ಅರ್ಜುನನನ್ನು ಕೇಳಿ. ಕುಮಾರವ್ಯಾಸನ ಅರ್ಜುನನಿಗೆ ಇಲ್ಲಿ ಕಾರಣ ತಿಳಿಯದ ಮರುಕ ಹುಟ್ಟುತ್ತದೆ, ಕೈ ಹಿಂಜರಿಯುತ್ತದೆ. ಇಷ್ಟು ಹೊತ್ತು ಕಟುವಾಗಿದ್ದ ಅರ್ಥಧಾರಿ ಇಲ್ಲಿ ಮಾತು ಸೋತಂತೆ ನಿಂತರೆ ಆ ತೊಡಕು ನಿಜವೆನಿಸುತ್ತದೆ. ಮೊದಲಿನಿಂದಲೂ ಅಳುತ್ತಿದ್ದವನಿಗೆ ಈ ಹೊತ್ತಿಗೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ.